ಕಾಗದದ ಇಟ್ಟಿಗೆ ಚೆನ್ನಾಗಿದೆ, ಆದರೆ ಚೆಂಡು ಎಲ್ಲಿ?

ಪ್ರಶ್ನೆ: ಇಟ್ಟಿಗೆ ಒಡೆಯುವ ಆಟವೊಂದನ್ನು ಫೋನಿಗಾಗಿ ಒಬ್ಬಳೇ ಕೂತು ಮಾಡುತ್ತಿದ್ದೇನೆ. ಇಟ್ಟಿಗೆ, ಪ್ಯಾಡಲ್ (ಚೆಂಡನ್ನು ತಡೆದು ಮೇಲಕ್ಕೆ ಹೊಡೆಯುವ ಕೆಳಗಿನ ಪಟ್ಟಿ), ಚೆಂಡು, ಹಿನ್ನೆಲೆ ಎಲ್ಲವೂ ಬಣ್ಣದ ಕಾಗದ ಕತ್ತರಿಸಿ, ಅಂಟಿಸಿ, ಫೋಟೋ ತೆಗೆದದ್ದು. ಇಟ್ಟಿಗೆಯೇ 140 ಕತ್ತರಿಸಿದ್ದೇನೆ. ಒಡೆದಾಗ ಕಿಡಿ ಹಾರುವ ಹಾಗೂ ಮಾಡಿದ್ದೇನೆ. ಸ್ಕ್ರೀನ್‌ಶಾಟ್ ನೋಡಿದವರೆಲ್ಲ ‘ಎಷ್ಟು ಚೆನ್ನಾಗಿದೆ’ ಅನ್ನುತ್ತಾರೆ. ಆಡಲು ಕೊಟ್ಟರೆ ಎರಡು ನಿಮಿಷಕ್ಕೆ ಫೋನ್ ವಾಪಸ್. ಚೆಂಡು ಸರಿಯಾಗಿ ಕಾಣುವುದಿಲ್ಲವಂತೆ. ಎತ್ತಲೋ ಹೊಡೆದರೆ ಎತ್ತಲೋ ಹೋಗುತ್ತದಂತೆ. ಕೆಲವು ಸಲ ಇಟ್ಟಿಗೆಯೊಳಗೇ ತೂರಿ ಹೋಗುತ್ತದೆ. ಕೊನೆಗೆ ಒಂದೇ ಇಟ್ಟಿಗೆ ಉಳಿದಾಗಲಂತೂ ನನಗೇ ಬೇಜಾರು. ಕಾಗದದ ಆಸೆ ಬಿಟ್ಟು ಮಾಮೂಲಿ ಡಿಜಿಟಲ್ ಚಿತ್ರ ಹಾಕಿಬಿಡಲಾ?

ಉತ್ತರ: ಕಾಗದ ಬಿಡಬೇಡಿ. ಆ ಮಾತು ಮೊದಲೇ ಮುಗಿಸಿಬಿಡೋಣ. ತೊಂದರೆ ಕಾಗದದ್ದಲ್ಲ, ಅದು ಇರಬಾರದ ಜಾಗಕ್ಕೂ ಹೋಗಿ ಕೂತಿರುವುದು. ನಿಮ್ಮ ಆಟದಲ್ಲಿ ಒಂದೊಂದು ಇಟ್ಟಿಗೆಯೂ ನಿಜವಾಗಿ ಎರಡೆರಡು ಇಟ್ಟಿಗೆ. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಚೆಂಡಿಗೆ ತಾಗುವುದು. ಕಣ್ಣಿಗೆ ಕಾಣುವುದು ಎಷ್ಟು ಬೇಕಾದರೂ ಅಂಕುಡೊಂಕಾಗಿರಲಿ. ಚೆಂಡಿಗೆ ತಾಗುವುದು ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿರಬೇಕು. ನೀವು ಬರೆದ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಎರಡನ್ನೂ ಒಂದೇ ಅಂದುಕೊಂಡಿದ್ದರಿಂದ ಬಂದದ್ದು ಅಂತ ನನ್ನ ಅಂದಾಜು.

ಇಂಥ ಆಟಕ್ಕೆ ಕೈಕೆಲಸ ಹೊಸದೇನೂ ಅಲ್ಲ, ಹುಟ್ಟಿನಿಂದಲೇ ಬಂದದ್ದು. 1976ರಲ್ಲಿ ಅಟಾರಿ ಕಂಪನಿ ಬ್ರೇಕೌಟ್ ಎಂಬ ಆಟದ ಯಂತ್ರ ತಂದಾಗ ಅದರ ಪರದೆ ಕಪ್ಪು-ಬಿಳುಪಿನದು. ಆದರೂ ಆಡುವವರಿಗೆ ಇಟ್ಟಿಗೆಗಳು ಕೆಂಪು, ಕಿತ್ತಳೆ, ಹಸಿರು, ಹಳದಿಯಾಗಿ ಕಾಣುತ್ತಿದ್ದವು. ಪರದೆಯ ಮೇಲೆ ಬಣ್ಣದ ಪಾರದರ್ಶಕ ಪಟ್ಟಿಗಳನ್ನು ಅಂಟಿಸಿದ್ದರು, ಅಷ್ಟೇ ಗುಟ್ಟು. ಚೆಂಡು ಆ ಪಟ್ಟಿಯ ಹಿಂದೆ ಹಾದರೆ ಅದಕ್ಕೂ ಅದೇ ಬಣ್ಣ. ಅಂದರೆ ಇಟ್ಟಿಗೆ ಒಡೆಯುವ ಮೊದಲ ಆಟದ ಬಣ್ಣವೂ ನಿಮ್ಮದರ ಹಾಗೇ ಕತ್ತರಿಸಿ ಅಂಟಿಸಿದ್ದೇ. ಆದರೆ ಆ ಪಟ್ಟಿಗೂ ಚೆಂಡಿನ ಲೆಕ್ಕಕ್ಕೂ ಏನೂ ಸಂಬಂಧ ಇರಲಿಲ್ಲ. ಒಳಗಿನ ಸರ್ಕ್ಯೂಟ್‌ಗೆ ಬಣ್ಣ ಅಂದರೇನು ಅಂತಲೇ ಗೊತ್ತಿರಲಿಲ್ಲ.

(ಅದೇ ಆಟದ ಮಾದರಿಯನ್ನು, ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಝ್ನಿಯಾಕ್ ನಾಲ್ಕೇ ದಿನದಲ್ಲಿ, ಸಾಧ್ಯವಾದಷ್ಟು ಕಡಿಮೆ ಚಿಪ್ ಬಳಸಿ ಮಾಡಿಕೊಟ್ಟಿದ್ದರು. ಅದು ಎಷ್ಟು ಒತ್ತೊತ್ತಾಗಿತ್ತೆಂದರೆ ಅಟಾರಿಯವರು ಅದನ್ನು ಹಾಗೇ ಬಳಸಲಾಗದೆ ಬೇರೆಯೇ ವಿನ್ಯಾಸ ಮಾಡಿಕೊಂಡರು. ಮುಂದೆ ಆಪಲ್ 2 ಕಂಪ್ಯೂಟರ್‌ಗೆ ಬಣ್ಣ, ಸದ್ದು, ಪ್ಯಾಡಲ್ ಬಂದದ್ದರ ಹಿಂದೆಯೂ ಈ ಆಟವನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕೆಂಬ ಅವರ ಆಸೆ ಇತ್ತು. ನಿಮ್ಮ ಪ್ರಶ್ನೆಗೆ ಇದು ಬೇಕಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.)

ಈಗ ಕೆಲಸಕ್ಕೆ ಬರೋಣ. ಮೊದಲು ಒಂದು ಸಂಜೆ ನಿಮ್ಮ ಚಿತ್ರಗಳನ್ನೆಲ್ಲ ಪಕ್ಕಕ್ಕಿಡಿ. ಇಟ್ಟಿಗೆಗೆ ಬೂದು ಬಣ್ಣದ ಚೌಕ, ಚೆಂಡಿಗೆ ಬಿಳಿ ವೃತ್ತ, ಪ್ಯಾಡಲ್‌ಗೆ ಒಂದು ಪಟ್ಟಿ. ಹಾಗೇ ಆಡಿ ನೋಡಿ. ಐದು ನಿಮಿಷ ಕೈಬಿಡಲು ಮನಸ್ಸು ಬರಲಿಲ್ಲವೆಂದರೆ ಆಟ ಸರಿ ಇದೆ, ಚಿತ್ರ ತೊಡಿಸಬಹುದು. ಬೂದು ಚೌಕದಲ್ಲೂ ಬೇಜಾರಾದರೆ ಯಾವ ಕಾಗದವೂ ಅದನ್ನು ಎತ್ತಿ ನಿಲ್ಲಿಸುವುದಿಲ್ಲ. ಈ ಪರೀಕ್ಷೆ ಮಾಡಲು ಹೆಚ್ಚಿನವರಿಗೆ ಹೊಟ್ಟೆ ಉರಿಯುತ್ತದೆ. ವಾರಗಟ್ಟಲೆ ಕತ್ತರಿಸಿದ್ದನ್ನು ಬಚ್ಚಿಡುವುದು ಯಾರಿಗೆ ಇಷ್ಟ? ನನಗೂ ಇರಲಿಲ್ಲ. ಅದಕ್ಕೇ ನನ್ನ ಮೊದಲ ಆಟದಲ್ಲಿ ಪ್ಯಾಡಲ್ ಕೆಟ್ಟಿದೆ ಅಂತ ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ಪ್ಯಾಡಲ್ ಅಂದೆನಲ್ಲ, ‘ಎತ್ತಲೋ ಹೊಡೆದರೆ ಎತ್ತಲೋ ಹೋಗುತ್ತದೆ’ ಎಂಬ ದೂರಿನ ಬೇರು ಅಲ್ಲಿದೆ. ಗೋಡೆಗೆ ಬಿದ್ದ ಚೆಂಡು ಬಂದ ಕೋನದಲ್ಲೇ ತಿರುಗಿ ಹೋಗಬೇಕು, ಸರಿ. ಪ್ಯಾಡಲ್‌ಗೆ ಬಿದ್ದದ್ದು ಹಾಗೆ ಹೋಗಬಾರದು. ಹೋದರೆ ಆಡುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ, ಚೆಂಡಿನ ಕೆಳಗೆ ತಟ್ಟೆ ಹಿಡಿದು ನಿಂತ ಹಾಗಾಗುತ್ತದೆ. 1972ರ ಪಾಂಗ್ ಎಂಬ ಟೇಬಲ್ ಟೆನಿಸ್ ಥರದ ಆಟ ಮಾಡಿದ ಅಲನ್ ಅಲ್ಕಾರ್ನ್ ಇದನ್ನು ಆಗಲೇ ಕಂಡುಕೊಂಡಿದ್ದರು. ಅವರು ಪ್ಯಾಡಲನ್ನು ಎಂಟು ಭಾಗ ಮಾಡಿದರು. ನಡುವಿನ ಭಾಗಕ್ಕೆ ಬಿದ್ದರೆ ಚೆಂಡು ನೇರ, ಅಂಚಿಗೆ ಹೋದಷ್ಟೂ ಓರೆ. ಇವತ್ತಿಗೂ ಲೆಕ್ಕ ಅದೇ.

ನಿಮ್ಮ ಆಟಕ್ಕೆ ಹಾಕಿ ತೋರಿಸುತ್ತೇನೆ. ಪ್ಯಾಡಲ್ 200 ಪಿಕ್ಸೆಲ್ ಅಗಲ, ಅದರ ನಡು ಪರದೆಯ ಎಡ ಅಂಚಿನಿಂದ 540ರಲ್ಲಿದೆ ಅನ್ನಿ. ಚೆಂಡು 590ಕ್ಕೆ ಬಿತ್ತು. ನಡುವಿನಿಂದ 50 ದೂರ. ಅರ್ಧ ಪ್ಯಾಡಲ್ 100. ಐವತ್ತನ್ನು ನೂರರಿಂದ ಭಾಗಿಸಿದರೆ 0.5. ಅತಿ ಹೆಚ್ಚಿನ ಓರೆ 60 ಡಿಗ್ರಿ ಅಂತ ಇಟ್ಟುಕೊಂಡರೆ ಚೆಂಡು ನೆಟ್ಟಗಿನ ಗೆರೆಯಿಂದ ಬಲಕ್ಕೆ 30 ಡಿಗ್ರಿ ವಾಲಿ ಹೋಗಬೇಕು. ವೇಗ ಸೆಕೆಂಡಿಗೆ 900 ಪಿಕ್ಸೆಲ್ ಆದರೆ ಅಡ್ಡಕ್ಕೆ 450, ಮೇಲಕ್ಕೆ ಸುಮಾರು 779. ಚೆಂಡು ಯಾವ ಕಡೆಯಿಂದ ಬಂತು ಅನ್ನುವುದನ್ನು ಪೂರ್ತಿ ಮರೆತುಬಿಡಿ. ಒಟ್ಟು ವೇಗ ಬದಲಾಗಬಾರದು, ದಿಕ್ಕು ಮಾತ್ರ ಬದಲಾಗಬೇಕು. ಇಷ್ಟು ಮಾಡಿದರೆ ಸಾಕು, ಆಡುವವರು ಹತ್ತು ಏಟಿನೊಳಗೆ ಗುರಿ ಇಡಲು ಶುರು ಮಾಡುತ್ತಾರೆ. ಯಾರೂ ಹೇಳಿಕೊಡಬೇಕಿಲ್ಲ.

60 ಡಿಗ್ರಿಗೆ ನಿಲ್ಲಿಸಿದ್ದಕ್ಕೂ ಕಾರಣ ಇದೆ. ಚೆಂಡು ಅಡ್ಡಡ್ಡ ಮಲಗಿದರೆ ಎರಡು ಗೋಡೆಗಳ ನಡುವೆ ಟಕ ಟಕ ಅಂತ ಓಡಾಡುತ್ತಾ ಕೆಳಗಿಳಿಯಲು ಯುಗವಾಗುತ್ತದೆ. ಇಟ್ಟಿಗೆಗಳ ಮೂಲೆಗೆ ಬಡಿದೂ ಹಾಗಾಗಬಹುದು. ಅದಕ್ಕೆ ಪ್ರತಿ ಏಟಿನ ನಂತರ ನೋಡಿಕೊಳ್ಳಿ: ಚೆಂಡಿನ ದಾರಿ ನೆಲದ ಗೆರೆಗೆ 15 ಡಿಗ್ರಿಗಿಂತ ಹತ್ತಿರ ಬಂದಿದ್ದರೆ ಅದನ್ನು 15ಕ್ಕೆ ಎತ್ತಿಬಿಡಿ. ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಇಟ್ಟಿಗೆಗೆ ತಾಗುವ ವಿಷಯ. ನೀವು ಯಾವ ಎಂಜಿನ್ (ಆಟ ಕಟ್ಟುವ ಸಿದ್ಧ ಸಾಫ್ಟ್‌ವೇರ್) ಬಳಸುತ್ತಿದ್ದೀರೋ ಬರೆದಿಲ್ಲ. ಅದು ಯೂನಿಟಿಯಾಗಿದ್ದು, ಇಟ್ಟಿಗೆಯ ತಾಗುವ ಆಕಾರಕ್ಕೆ (ಅದನ್ನೇ ಕೊಲೈಡರ್ ಅನ್ನುವುದು) ಪಾಲಿಗಾನ್ ಕೊಲೈಡರ್ ಹಾಕಿದ್ದರೆ, ಅದು ಚಿತ್ರದ ಅಂಚನ್ನೇ ನೋಡಿ ತಾನೇ ಆಕಾರ ಕಟ್ಟಿಕೊಡುತ್ತದೆ. ಕತ್ತರಿಯ ಓರೆ, ಹರಿದ ನಾರು ಎಲ್ಲವೂ ಆ ಆಕಾರದಲ್ಲಿ ಬಂದು ಕೂರುತ್ತವೆ. ಚೆಂಡು ಇಟ್ಟಿಗೆಯ ಕೆಳಗಂಚಿಗೆ ಬಡಿದು ನೇರ ಕೆಳಗೆ ಬರಬೇಕಾದದ್ದು, ಆ ಸಣ್ಣ ಓರೆಯಿಂದ ಪಕ್ಕಕ್ಕೆ ಸಿಡಿಯುತ್ತದೆ. ಆಡುವವರಿಗೆ ಆ ಎರಡು ಪಿಕ್ಸೆಲ್ ಓರೆ ಕಾಣುವುದಿಲ್ಲ. ಆಟ ಮೋಸ ಮಾಡಿತು ಅನ್ನಿಸುತ್ತದೆ, ಅಷ್ಟೇ. ಆ ಕೊಲೈಡರ್ ತೆಗೆದು ಸಾದಾ ಆಯತ ಹಾಕಿ. ಎಲ್ಲ ಇಟ್ಟಿಗೆಗೂ ಒಂದೇ ಅಳತೆ. ಹರಿದ ಅಂಚು ಆ ಆಯತದಿಂದ ಮೂರು ನಾಲ್ಕು ಪಿಕ್ಸೆಲ್ ಆಚೆ ಚಾಚಿಕೊಂಡಿರಲಿ, ಪರವಾಗಿಲ್ಲ. ಪ್ಯಾಡಲ್‌ಗೆ ಮಾತ್ರ ಉಲ್ಟಾ: ತಾಗುವ ಆಯತ ಚಿತ್ರಕ್ಕಿಂತ ಎರಡೂ ಕಡೆ ಐದಾರು ಪಿಕ್ಸೆಲ್ ಅಗಲ ಇರಲಿ. ಅಂಚಿನಲ್ಲಿ ಹೇಗೋ ಚೆಂಡು ಉಳಿಸಿಕೊಂಡೆ ಎಂದು ಆಡುವವರಿಗೆ ಖುಷಿಯಾಗುತ್ತದೆ.

ಚೆಂಡು ಇಟ್ಟಿಗೆಯೊಳಗೆ ತೂರುವುದಕ್ಕೆ ಎರಡು ಕಾರಣ ಇರಬಹುದು. ಒಂದು ಎಲ್ಲರಿಗೂ ಗೊತ್ತಿರುವುದು. ಸೆಕೆಂಡಿಗೆ 900 ಪಿಕ್ಸೆಲ್ ಓಡುವ ಚೆಂಡು, ಸೆಕೆಂಡಿಗೆ 60 ಫ್ರೇಮ್ ಇದ್ದಾಗ (ಅಂದರೆ ಪರದೆಯ ಚಿತ್ರ 60 ಸಲ ಬದಲಾಗುವಾಗ) ಒಂದು ಫ್ರೇಮಿಗೆ 15 ಪಿಕ್ಸೆಲ್ ಹೋಗುತ್ತದೆ. ಫೋನ್ ಬಿಸಿಯಾಗಿ 30 ಫ್ರೇಮಿಗೆ ಇಳಿದರೆ 30 ಪಿಕ್ಸೆಲ್. ಆಗ ಚೆಂಡು ಇಟ್ಟಿಗೆಯ ಹೊಟ್ಟೆಯೊಳಗೆ ಅರ್ಧ ಹೊಕ್ಕ ಮೇಲೇ ನಿಮಗೆ ತಿಳಿಯುವುದು. ಕೆಳಗಿನಿಂದ ಬಂತೋ ಪಕ್ಕದಿಂದ ಬಂತೋ ಅಂತ ಹೇಳಲು ಆಗುವುದಿಲ್ಲ. ಫೋನ್ ಏನೋ ಕೆಲಸಕ್ಕೆ ಒಂದು ಕ್ಷಣ ತಡೆದು 100 ಮಿಲಿಸೆಕೆಂಡ್ ತಿಂದರೆ ಚೆಂಡು ಒಮ್ಮೆಗೇ 90 ಪಿಕ್ಸೆಲ್ ಜಿಗಿದು ಇಟ್ಟಿಗೆಯ ಆಚೆ ನಿಂತಿರುತ್ತದೆ. ಪರಿಹಾರ ಸುಲಭ. ಒಂದು ಫ್ರೇಮಿನಲ್ಲಿ ಎಷ್ಟೇ ದೂರ ಹೋಗಬೇಕಿದ್ದರೂ ಅದನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ. ಒಂದು ಹೆಜ್ಜೆ ಚೆಂಡಿನ ತ್ರಿಜ್ಯದ ಅರ್ಧಕ್ಕಿಂತ ಜಾಸ್ತಿ ಬೇಡ. ಪ್ರತಿ ಹೆಜ್ಜೆಗೂ ತಾಗಿತಾ ಎಂದು ನೋಡಿ.

ಎರಡನೆಯದು ಕಳ್ಳ ಕಾರಣ. ನಿಮ್ಮಲ್ಲಿ ಇರುವುದು ಇದೇ ಅಂತ ನನಗೆ ಗುಮಾನಿ. ಚೆಂಡು ಮೇಲಕ್ಕೆ ಹೋಗುತ್ತಾ ಅಕ್ಕಪಕ್ಕದ ಎರಡು ಇಟ್ಟಿಗೆಗಳ ಸಂದಿಗೆ ಸರಿಯಾಗಿ ಬಡಿಯುತ್ತದೆ ಅನ್ನಿ. ಎರಡಕ್ಕೂ ಒಂದೇ ಹೊತ್ತಿಗೆ ತಾಗಿತು. ನಿಮ್ಮ ಕೋಡ್ ಮೊದಲ ಇಟ್ಟಿಗೆಗೆ ‘ತಾಗಿತು, ದಿಕ್ಕು ತಿರುಗಿಸು’ ಅನ್ನುತ್ತದೆ. ಮೇಲೆ ಹೋಗುತ್ತಿದ್ದದ್ದು ಕೆಳಗೆ ತಿರುಗಿತು. ಮರುಕ್ಷಣ ಎರಡನೇ ಇಟ್ಟಿಗೆಗೂ ‘ತಾಗಿತು, ದಿಕ್ಕು ತಿರುಗಿಸು’. ಕೆಳಗೆ ತಿರುಗಿದ್ದು ಮತ್ತೆ ಮೇಲಕ್ಕೆ. ಎರಡೂ ಇಟ್ಟಿಗೆ ಮಾಯ, ಚೆಂಡು ಏನೂ ಆಗದ ಹಾಗೆ ಮೇಲೆ ಹೋಯಿತು. ನೋಡುವವರ ಕಣ್ಣಿಗೆ ಅದು ತೂರಿ ಹೋದ ಹಾಗೇ. ಇದಕ್ಕೆ ಮದ್ದು: ಒಂದು ಹೆಜ್ಜೆಯಲ್ಲಿ ಎಷ್ಟು ಇಟ್ಟಿಗೆ ತಾಗಿದರೂ ಅಡ್ಡಕ್ಕೆ ಒಂದೇ ಸಲ, ಉದ್ದಕ್ಕೆ ಒಂದೇ ಸಲ ತಿರುಗಿಸಿ. ತಾಗಿದ್ದೆಲ್ಲವನ್ನೂ ಮೊದಲು ಗುರುತು ಹಾಕಿಕೊಳ್ಳಿ, ಆಮೇಲೆ ಒಟ್ಟಿಗೆ ತೀರ್ಮಾನ ಮಾಡಿ.

ನನ್ನನ್ನು ಕೇಳಿದರೆ ಈ ಆಟಕ್ಕೆ ಎಂಜಿನ್ನಿನ ಫಿಸಿಕ್ಸ್ (ತಾಗುವುದು, ಪುಟಿಯುವುದನ್ನು ಅದೇ ಲೆಕ್ಕ ಹಾಕುವ ವ್ಯವಸ್ಥೆ) ಬೇಡವೇ ಬೇಡ. ಒಂದು ವೃತ್ತ, ಒಂದಷ್ಟು ಆಯತ, ಅಷ್ಟೇ ತಾನೇ. ನೀವೇ ಬರೆದರೆ ಎಪ್ಪತ್ತು ಎಂಬತ್ತು ಸಾಲು. ತಪ್ಪಾದರೆ ಎಲ್ಲಿ ಅಂತ ಗೊತ್ತಾಗುತ್ತದೆ.

ಈಗ ಕಣ್ಣಿನ ವಿಷಯ. ಸ್ಕ್ರೀನ್‌ಶಾಟ್ ಚೆನ್ನಾಗಿದ್ದು ಆಟ ಚೆನ್ನಾಗಿಲ್ಲ ಅಂದರೆ ಆಶ್ಚರ್ಯ ಏನಿಲ್ಲ. ಸ್ಕ್ರೀನ್‌ಶಾಟ್ ನೋಡುವವರ ಕಣ್ಣು ಎಲ್ಲ ಕಡೆ ತಿರುಗಾಡುತ್ತದೆ. ಆಡುವವರ ಕಣ್ಣು ಚೆಂಡಿನ ಬೆನ್ನು ಬಿಡುವುದಿಲ್ಲ. ಅವರಿಗೆ ನಿಮ್ಮ ಹಿನ್ನೆಲೆಯ ಕಾಗದದ ಮೋಡ, ಮರ, ಬೆಟ್ಟ ಎಲ್ಲ ಅಡ್ಡಿಯೇ. ನಿಮ್ಮ ಸ್ಕ್ರೀನ್‌ಶಾಟನ್ನು ಕಪ್ಪು-ಬಿಳುಪು ಮಾಡಿ, ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಮೊದಲು ಕಾಣಬೇಕಾದದ್ದು ಚೆಂಡು, ಆಮೇಲೆ ಪ್ಯಾಡಲ್, ಆಮೇಲೆ ಇಟ್ಟಿಗೆ. ಹಿನ್ನೆಲೆ ಕಂಡೂ ಕಾಣದ ಹಾಗಿರಬೇಕು. ಮೊದಲು ಮೋಡ ಕಂಡರೆ ಅದನ್ನು ಮಂಕು ಮಾಡಿ. ಬಣ್ಣ ಬೇರೆ ಬೇರೆ ಇದ್ದರೆ ಸಾಲದು, ಬೆಳಕು-ನೆರಳು ಬೇರೆ ಬೇರೆ ಇರಬೇಕು. ಕೆಂಪು ಇಟ್ಟಿಗೆಯ ಮುಂದೆ ಹಸಿರು ಚೆಂಡು ಬಣ್ಣದಲ್ಲಿ ಎದ್ದು ಕಂಡರೂ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು ಆಗಿಬಿಡಬಹುದು. ಕೆಂಪು-ಹಸಿರು ಗುರುತು ಹಿಡಿಯಲಾಗದ ಕಣ್ಣಿನವರಿಗೆ ಅದೇ ಗತಿ.

ಚೆಂಡನ್ನು ಮಾತ್ರ ಕಾಗದದಲ್ಲಿ ಮಾಡಬೇಡಿ. ಇದು ನಿಯಮ ಅಲ್ಲ, ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಎಲ್ಲವೂ ಕಾಗದವಾದಾಗ ಚೆಂಡೂ ಕಾಗದವಾದರೆ ಅದು ಗುಂಪಿನಲ್ಲಿ ಕಳೆದುಹೋಗುತ್ತದೆ. ಬೇರೆ ವಸ್ತು ತನ್ನಿ. ಒಂದು ಗಾಜಿನ ಮಣಿ, ಬಿಳಿ ಅಂಗಿ ಗುಂಡಿ, ಏನಾದರೂ ಸರಿ. ಕಾಗದಕ್ಕೆ ಹೊಳಪಿಲ್ಲ, ಮಣಿಗೆ ಇದೆ. ಆ ಒಂದು ಹೊಳೆಯುವ ಚುಕ್ಕೆಯನ್ನು ಕಣ್ಣು ಬಿಡದೆ ಹಿಂಬಾಲಿಸುತ್ತದೆ. ಸುತ್ತ ತೆಳುವಾಗಿ ಗಾಢ ಬಣ್ಣದ ಅಂಚು ಕೊಡಿ. ಇನ್ನೊಂದು ಮಾತು, ಚೆಂಡು ಉರುಳುವ ಹಾಗೆ ಚಿತ್ರವನ್ನು ತಿರುಗಿಸುವ ಆಸೆ ಬರುತ್ತದೆ. ತಿರುಗಿಸಿದರೆ ಹೊಳಪಿನ ಚುಕ್ಕೆಯೂ ಸುತ್ತುತ್ತದೆ. ದೀಪವೇ ಚೆಂಡಿನ ಸುತ್ತ ಓಡಿದ ಹಾಗೆ ಕಾಣುತ್ತದೆ. ಹೊಳಪನ್ನು ಬೇರೆ ಪದರದಲ್ಲಿಟ್ಟು ಅದನ್ನು ತಿರುಗಿಸಬೇಡಿ.

ದೀಪದ ಮಾತು ಬಂತಲ್ಲ. ನನ್ನ ಮೊದಲ ಕಾಗದದ ಆಟಕ್ಕೆ ಮೂರು ವಾರ ಫೋಟೋ ತೆಗೆದೆ. ಬೆಳಿಗ್ಗೆ ತೆಗೆದದ್ದು ಕಿಟಕಿ ಪಕ್ಕ, ರಾತ್ರಿ ತೆಗೆದದ್ದು ಟೇಬಲ್ ದೀಪದ ಕೆಳಗೆ. ಒಂದೊಂದು ಇಟ್ಟಿಗೆಯೂ ಬಿಡಿಯಾಗಿ ಚೆನ್ನಾಗಿತ್ತು. ಸಾಲಾಗಿ ಜೋಡಿಸಿದರೆ ಅರ್ಧ ಇಟ್ಟಿಗೆಯ ನೆರಳು ಬಲಕ್ಕೆ, ಅರ್ಧದ್ದು ಎಡಕ್ಕೆ. ಒಂದೇ ಗೋಡೆಗೆ ಇಬ್ಬರು ಸೂರ್ಯರು. ಎಲ್ಲ ಮತ್ತೆ ತೆಗೆದೆ. ಅದಾದ ಮೇಲೆ ಬುದ್ಧಿ ಬಂತು ಅಂದುಕೊಳ್ಳಬೇಡಿ. ವೆರೈಟಿ ಬರಲಿ ಅಂತ ಅದೇ ಚಿತ್ರವನ್ನು ಎಡ-ಬಲ ಮಗುಚಿ ಇನ್ನೊಂದು ಇಟ್ಟಿಗೆ ಮಾಡಿದೆ. ಮಗುಚಿದರೆ ನೆರಳೂ ಮಗುಚುತ್ತದೆ ಅಲ್ವಾ! ಮತ್ತೆ ಎರಡು ಸೂರ್ಯ. ಆದ್ದರಿಂದ ದೀಪ ಒಂದೇ ಕಡೆ, ಒಂದೇ ಎತ್ತರ. ಕ್ಯಾಮೆರಾ ಸ್ಟ್ಯಾಂಡ್ ಅಲುಗಾಡಬಾರದು. ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಎರಡನ್ನೂ ಲಾಕ್ ಮಾಡಿ. ಸಾಧ್ಯವಾದರೆ ಎಲ್ಲ ಒಂದೇ ಕೂತಿನಲ್ಲಿ ಮುಗಿಸಿ. ಚಪ್ಪಟೆ ಕಾಗದಕ್ಕೆ ಸ್ಕ್ಯಾನರ್ ನಡೆಯುತ್ತದೆ, ಆದರೆ ಪದರದ ಮೇಲೆ ಪದರ ಅಂಟಿಸಿದ್ದರೆ ಅದರ ನೆರಳು ಸ್ಕ್ಯಾನರಿನಲ್ಲಿ ಸತ್ತುಹೋಗುತ್ತದೆ.

ಅಳತೆಯ ಲೆಕ್ಕವನ್ನೂ ಒಮ್ಮೆ ನೋಡಿ. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಒಂದು ಸೆಂಟಿಮೀಟರಿಗೆ ಸುಮಾರು 118 ಪಿಕ್ಸೆಲ್ ಬರುತ್ತದೆ. ನೀವು 4 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಎತ್ತರದ ಇಟ್ಟಿಗೆ ಕತ್ತರಿಸಿದ್ದರೆ ಅದು ಹೆಚ್ಚುಕಮ್ಮಿ 472 ಪಿಕ್ಸೆಲ್ ಉದ್ದ. 1080 ಪಿಕ್ಸೆಲ್ ಅಗಲದ ಪರದೆಯಲ್ಲಿ ಸಾಲಿಗೆ ಒಂಬತ್ತು ಇಟ್ಟಿಗೆ ಕೂರಿಸಿದರೆ ಒಂದಕ್ಕೆ ಸಿಗುವುದು 120. ಅಂದರೆ ಚಿತ್ರ ನಾಲ್ಕು ಪಟ್ಟು ಕುಗ್ಗುತ್ತದೆ. ನೀವು ಭೂತಗನ್ನಡಿ ಹಿಡಿದು ಪ್ರೀತಿಯಿಂದ ಬಿಡಿಸಿದ ನಾರು, ಪೆನ್ಸಿಲ್ಲಿನ ಗೆರೆ, ಅಂಟಿನ ಕಲೆ ಯಾವುದೂ ಉಳಿಯುವುದಿಲ್ಲ. ನುಣ್ಣಗಿನ ಬಣ್ಣದ ಚೌಕ ಉಳಿಯುತ್ತದೆ. ಕಂಪ್ಯೂಟರಿನಲ್ಲೇ ಬರೆದದ್ದು ಅಂದುಕೊಳ್ಳುತ್ತಾರೆ. ಕೈಯಲ್ಲಿ ಮಾಡಿದ್ದು ಅಂತ ಕಾಣಬೇಕಿದ್ದರೆ ಅತಿ ಮಾಡಬೇಕು. ದಪ್ಪ, ಒರಟು ಕಾಗದ ತೆಗೆದುಕೊಳ್ಳಿ. ಕತ್ತರಿಗಿಂತ ಕೈಯಿಂದ ಹರಿದರೆ ಬಿಳಿ ಅಂಚು ಅಗಲವಾಗಿ ಬರುತ್ತದೆ, ಕುಗ್ಗಿದ ಮೇಲೂ ಕಾಣುತ್ತದೆ. ನೆರಳು ಎದ್ದು ಬರುವ ಹಾಗೆ ಇಟ್ಟಿಗೆಯ ಕೆಳಗೆ ಸಣ್ಣ ರಟ್ಟಿನ ತುಂಡು ಇಟ್ಟು ಎತ್ತರಿಸಿ.

ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿದರೆ ಮೋಸ ಆಗುತ್ತದಾ ಎಂಬ ಅಳುಕು ಬೇಡ. 2017ರ ಕಪ್‌ಹೆಡ್ ಆಟದ ಪಾತ್ರಗಳನ್ನು ಕಾಗದದ ಮೇಲೆ ಕೈಯಲ್ಲೇ ಬರೆದು, ಶಾಯಿ ಹಾಕಿ, ಬಣ್ಣವನ್ನು ಕಂಪ್ಯೂಟರಿನಲ್ಲಿ ತುಂಬಿದ್ದಾರೆ. ಅದನ್ನು ಯಾರೂ ಕೈಕೆಲಸ ಅಲ್ಲ ಅನ್ನಲಿಲ್ಲ. ಕಾಗದದ ಹುಚ್ಚು ಎಲ್ಲಿಯವರೆಗೆ ಹೋಗಬಹುದು ಅಂತ ನೋಡಬೇಕಿದ್ದರೆ 2014ರ ಲುಮಿನೋ ಸಿಟಿ ಆಟ ನೋಡಿ. ಅದಕ್ಕಾಗಿ ಹತ್ತು ಅಡಿ ಎತ್ತರದ ಊರನ್ನೇ ಕಾಗದ, ರಟ್ಟು, ಪುಟ್ಟ ದೀಪ, ಮೋಟಾರುಗಳಿಂದ ಕಟ್ಟಿದ್ದರು.

ಚಲನೆಯ ಬಗ್ಗೆ ಒಂದೇ ಮಾತು. ಇಟ್ಟಿಗೆಗಳಿಗೆ ಸ್ವಲ್ಪ ಜೀವ ಬರಲಿ ಎಂದು ಒಂದೇ ಇಟ್ಟಿಗೆಯನ್ನು ಎತ್ತಿ ಮತ್ತೆ ಇಟ್ಟು ಮೂರು ಫೋಟೋ ತೆಗೆದು, ಸೆಕೆಂಡಿಗೆ ಎಂಟರಂತೆ ಬದಲಾಯಿಸಬಹುದು. ಸಣ್ಣಗೆ ನಡುಗಿದ ಹಾಗೆ ಕಾಣುತ್ತದೆ, ಚೆನ್ನಾಗಿರುತ್ತದೆ. ಎಲ್ಲ ಇಟ್ಟಿಗೆಯೂ ಒಟ್ಟಿಗೆ ನಡುಗದ ಹಾಗೆ ಬೇರೆ ಬೇರೆ ಫೋಟೋದಿಂದ ಶುರು ಮಾಡಿಸಿ. ಕೈಯಲ್ಲಿ ಬರೆದ ಸಿನಿಮಾ ಅನಿಮೇಷನ್ನಿನಲ್ಲೂ ಸೆಕೆಂಡಿಗೆ 24 ಫ್ರೇಮ್ ಇದ್ದರೂ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ 12 ಚಿತ್ರದಲ್ಲೇ ಕೆಲಸ ಮುಗಿಸುವುದು ಹಳೇ ರೂಢಿ. ಆದರೆ ಆ ಮೋಹದಲ್ಲಿ ಚೆಂಡನ್ನೂ ಪ್ಯಾಡಲನ್ನೂ ಸೆಕೆಂಡಿಗೆ 12 ಸಲ ಮಾತ್ರ ಸರಿಸಿದರೆ ಆಟ ಸತ್ತಂತೆ. ಅವೆರಡು ಪೂರ್ತಿ 60 ಫ್ರೇಮ್ ಓಡಲೇಬೇಕು.

ಇನ್ನು ಒಡೆಯುವ ಕ್ಷಣ. ಆಡುವವರು ನಿಮ್ಮ ಇಟ್ಟಿಗೆಯನ್ನು ನಿಜವಾಗಿ ನೋಡುವುದು ಅದು ಹೋಗುವಾಗ ಮಾತ್ರ. ಅಲ್ಲಿ ನೀವು ಕಿಡಿ ಹಾರಿಸಿದ್ದೀರಿ! ಕಾಗದ ಒಡೆದರೆ ಕಿಡಿ ಎಲ್ಲಿಂದ ಬರಬೇಕು? ಅಷ್ಟು ಹೊತ್ತು ಕಾಗದವಾಗಿದ್ದದ್ದು ಆ ಒಂದು ಕ್ಷಣದಲ್ಲಿ ಬೇರೆ ಯಾವುದೋ ಆಟದ್ದಾಗಿಬಿಡುತ್ತದೆ. ಕಾಗದ ಏನೇನು ಮಾಡುತ್ತದೆ ಅಂತ ಯೋಚಿಸಿ. ಹರಿಯುತ್ತದೆ, ಮುದುಡುತ್ತದೆ, ಮೂಲೆ ಮಡಚಿಕೊಳ್ಳುತ್ತದೆ, ಅಂಟು ಬಿಟ್ಟು ಸಿಪ್ಪೆಯ ಹಾಗೆ ಏಳುತ್ತದೆ, ತೇಲುತ್ತಾ ಕೆಳಗೆ ಬೀಳುತ್ತದೆ. ಕಲ್ಲಿನ ಹಾಗೆ ದಬಕ್ಕನೆ ಬೀಳುವುದಿಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ ಬೀಳುತ್ತದೆ. 1986ರಲ್ಲಿ ಟೈಟೊ ಕಂಪನಿಯ ಆರ್ಕನಾಯ್ಡ್ ಆಟ ಎರಡು ಮೂರು ಏಟು ಬೇಡುವ ಬೆಳ್ಳಿ ಇಟ್ಟಿಗೆ, ಎಷ್ಟು ಹೊಡೆದರೂ ಒಡೆಯದ ಚಿನ್ನದ ಇಟ್ಟಿಗೆ ತಂದಿತು. ನಿಮ್ಮಲ್ಲಿ ಎರಡು ಏಟಿನ ಇಟ್ಟಿಗೆಗೆ ಬಿರುಕು ಬರೆಯುವುದು ಬೇಡ. ಮೊದಲ ಏಟಿಗೆ ಒಂದು ಮೂಲೆ ಮಡಚಿಕೊಳ್ಳಲಿ. ಒಡೆಯದ ಇಟ್ಟಿಗೆ ರಟ್ಟಿನದಾಗಲಿ, ಮೇಲೆ ಸ್ಟೇಪ್ಲರ್ ಪಿನ್ ಹೊಡೆದಿರಲಿ. ಯಾರಿಗೂ ವಿವರಿಸಬೇಕಿಲ್ಲ, ಇದು ಹರಿಯುವುದಿಲ್ಲ ಅಂತ ನೋಡಿದರೇ ಗೊತ್ತು. ಇಟ್ಟಿಗೆ ಹೋದ ಜಾಗದಲ್ಲಿ ಅಂಟಿನ ಒಣಗಿದ ಕಲೆ ಮಸುಕಾಗಿ ಉಳಿಯಲಿ. ಲೆವೆಲ್ ಮುಗಿಯುವ ಹೊತ್ತಿಗೆ ಇಡೀ ಗೋಡೆಯ ಗುರುತು ಅಲ್ಲಿರುತ್ತದೆ.

2012ರಲ್ಲಿ ಆಟ ಮಾಡುವ ಮಾರ್ಟಿನ್ ಯೊನಾಸನ್ ಮತ್ತು ಪೆಟ್ರಿ ಪುರ್ಹೊ ಇಬ್ಬರೂ ಸೇರಿ ಒಂದು ಭಾಷಣ ಮಾಡಿದರು. ಸಪ್ಪೆ ಬ್ರೇಕೌಟ್ ಆಟವೊಂದನ್ನು ವೇದಿಕೆ ಮೇಲೆ ತೆರೆದು, ನಿಯಮ ಒಂದನ್ನೂ ಬದಲಿಸದೆ, ಬರೀ ಅಲುಗಾಟ, ಹಿಗ್ಗು-ಕುಗ್ಗು, ಸದ್ದು, ಚೂರುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದರು. ಆಟ ಮಾಡುವವರಲ್ಲಿ ತುಂಬಾ ಜನ ಅದನ್ನು ನೋಡಿದ್ದಾರೆ, ನೀವೂ ನೋಡಿ. (ಈ ಪುರ್ಹೊ ಅವರೇ ಮಕ್ಕಳು ಮೇಣದ ಬಣ್ಣದಲ್ಲಿ ಗೀಚಿದ ಹಾಗೆ ಕಾಣುವ ಕ್ರೇಯಾನ್ ಫಿಸಿಕ್ಸ್ ಆಟ ಮಾಡಿದವರು.) ಆದರೆ ಆ ಭಾಷಣ ನೋಡಿದ ಎಷ್ಟೋ ಜನ ಅದರಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಸುರಿದು, ಚೆಂಡೇ ಕಾಣದ ಹಾಗೆ ಮಾಡಿಕೊಂಡಿದ್ದಾರೆ. ನಿಮ್ಮ ಕಾಗದದ ಆಟಕ್ಕೆ ಪರದೆ ಅಲುಗಿಸುವುದು ಒಗ್ಗುವುದಿಲ್ಲ. ಒಂದು ಇಟ್ಟಿಗೆಗೆ ನಾಲ್ಕೈದು ಚೂರು ಸಾಕು. ಚೂರುಗಳು ಯಾವಾಗಲೂ ಚೆಂಡಿನ ಹಿಂದಿನ ಪದರದಲ್ಲಿ ಬೀಳಬೇಕು, ಮುಂದೆ ಅಲ್ಲ.

ಸದ್ದಿಗೆ ಯಾರದ್ದೋ ಸಂಗ್ರಹದ ಟಿಣ್ ಟಿಣ್ ಬೇಡ. ಕಾಗದ ಹರಿಯುವ ಪರ್ ಎಂಬ ಸದ್ದು, ರಟ್ಟಿನ ಡಬ್ಬದ ಮೇಲೆ ಬೆರಳು ತಟ್ಟಿದ ಸದ್ದು, ಇವನ್ನೇ ರೆಕಾರ್ಡ್ ಮಾಡಿ. ಎಂಟ್ಹತ್ತು ಬಗೆ ಇರಲಿ. ಫೈಲಿನ ಶುರುವಿನಲ್ಲಿರುವ ಖಾಲಿ ಜಾಗ ಕತ್ತರಿಸಿ ತೆಗೆಯಿರಿ. ಅಲ್ಲಿ 50 ಮಿಲಿಸೆಕೆಂಡ್ ಮೌನ ಉಳಿದರೂ ಮೂರು ಫ್ರೇಮ್ ತಡ. ಏಟು ಬಿದ್ದು ಆಮೇಲೆ ಸದ್ದು ಬಂದರೆ ಆಡುವವರಿಗೆ ಏನು ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಫೋನ್ ವಾಪಸ್ ಕೊಡುತ್ತಾರೆ.

ಕೊನೆಯ ಇಟ್ಟಿಗೆಯ ಬೇಜಾರು ಈ ಆಟದ ಹಳೇ ಕಾಯಿಲೆ. ಆರ್ಕನಾಯ್ಡ್‌ನಲ್ಲಿ ಇಟ್ಟಿಗೆ ಒಡೆದಾಗ ಬೀಳುವ ಗುಳಿಗೆಗಳಲ್ಲಿ ಒಂದು ಲೇಸರ್ ಕೊಡುತ್ತಿತ್ತು, ಇನ್ನೊಂದು ಪಕ್ಕದ ಬಾಗಿಲನ್ನೇ ತೆರೆದು ಮುಂದಿನ ಸುತ್ತಿಗೆ ದಾಟಿಸುತ್ತಿತ್ತು. ಅವರಿಗೂ ಈ ಬೇಜಾರು ಗೊತ್ತಿತ್ತು ಅಂತ ನಾನು ಅಂದುಕೊಂಡಿದ್ದೇನೆ. ನಿಮಗೆ ಕಾಗದವೇ ದಾರಿ ಕೊಡುತ್ತದೆ. ಮೂರು ಇಟ್ಟಿಗೆಗಿಂತ ಕಡಿಮೆ ಉಳಿದು, 15 ಸೆಕೆಂಡ್ ಯಾವುದಕ್ಕೂ ತಾಗದಿದ್ದರೆ, ಒಂದೊಂದಾಗಿ ಅಂಟು ಬಿಡಲಿ. ಮೊದಲು ಒಂದು ಮೂಲೆ ಏಳಲಿ, ಆಮೇಲೆ ಜೋತಾಡಲಿ, ಆಮೇಲೆ ಬೀಳಲಿ. ಬಿದ್ದ ಇಟ್ಟಿಗೆಗೆ ಅಂಕ ಇಲ್ಲ. ಬೀಳುವ ಮೊದಲು ಹೊಡೆದರೆ ದುಪ್ಪಟ್ಟು. ಬೇಜಾರಿನ ಜಾಗದಲ್ಲಿ ಒಂದು ಅವಸರ ಹುಟ್ಟುತ್ತದೆ.

ಲೆವೆಲ್ ಜೋಡಿಸುವಾಗ ಒಂದು ಆಸೆಗೆ ಜಾಗ ಬಿಡಿ. ಬ್ರೇಕೌಟ್‌ನಲ್ಲಿ 14 ಕಾಲಮ್, ಎಂಟು ಸಾಲು, ಒಟ್ಟು 112 ಇಟ್ಟಿಗೆ. ಹಳದಿಗೆ 1, ಹಸಿರಿಗೆ 3, ಕಿತ್ತಳೆಗೆ 5, ಕೆಂಪಿಗೆ 7 ಅಂಕ. ಮೇಲಿನದ್ದಕ್ಕೇ ಬೆಲೆ ಜಾಸ್ತಿ. ಹಾಗಾಗಿ ಜಾಣರು ಒಂದು ಅಂಚಿನಲ್ಲಿ ಸುರಂಗ ಕೊರೆದು ಚೆಂಡನ್ನು ಗೋಡೆಯ ಮೇಲೆ ಕಳಿಸುತ್ತಿದ್ದರು. ಅದು ಅಲ್ಲೇ ಛಾವಣಿಗೂ ಇಟ್ಟಿಗೆಗೂ ನಡುವೆ ಬಡಿದಾಡಿ ಸಾಲುಗಟ್ಟಲೆ ಬಾಚುತ್ತಿತ್ತು. ಕೃತಕ ಬುದ್ಧಿಮತ್ತೆಯ ಕಂಪನಿ ಡೀಪ್‌ಮೈಂಡ್‌ನವರು ಕಂಪ್ಯೂಟರಿಗೆ ಈ ಆಟ ತಾನೇ ಕಲಿಯಲು ಬಿಟ್ಟಾಗ ಅದೂ ಕೊನೆಗೆ ಇದೇ ಸುರಂಗ ಕಂಡುಕೊಂಡಿತು. ಆಡುವವರು ಕಾಯುವುದು ಆ ಬಾಚುವ ಗಳಿಗೆಗೇ. ನಿಮ್ಮ ಪ್ರತಿ ಲೆವೆಲ್‌ನಲ್ಲೂ ಮೇಲೆ ಒಂದು ಟೊಳ್ಳು ಜಾಗ, ಅಲ್ಲಿಗೆ ಹೋಗಲು ಇಕ್ಕಟ್ಟಾದ ದಾರಿ ಇರಲಿ.

ಬೆರಳಿನ ವಿಷಯ ಬೇಗ ಮುಗಿಸುತ್ತೇನೆ. ಪ್ಯಾಡಲ್ ಪರದೆಯ ತೀರಾ ಕೆಳಗಿದ್ದರೆ ಹೆಬ್ಬೆರಳೇ ಅದನ್ನು ಮುಚ್ಚುತ್ತದೆ. ಹೆಬ್ಬೆರಳು ಆರಾಮಾಗಿ ಕೂರುವಷ್ಟು ಜಾಗ ಕೆಳಗೆ ಬಿಡಿ. ಬೆರಳು ಇಟ್ಟಲ್ಲಿಗೆ ಪ್ಯಾಡಲ್ ಹಾರಿ ಬರುವುದು ಬೇಡ. ಬೆರಳು ಎಷ್ಟು ಸರಿಯಿತೋ ಅಷ್ಟು ಸರಿದರೆ ಸಾಕು. ಚೆಂಡು ಕಳೆದುಕೊಂಡಾಗ ‘ಮತ್ತೆ ಆಡುತ್ತೀರಾ’ ಎಂದು ಕೇಳುತ್ತಾ ಕೂರಬೇಡಿ, ಸುಮ್ನೆ ಮುಂದಿನ ಚೆಂಡು ಕೊಟ್ಟುಬಿಡಿ. ಹೊಸ ಚೆಂಡು ನಿಧಾನ ಶುರುವಾಗಿ ಆಮೇಲೆ ವೇಗ ಹಿಡಿಯಲಿ. ಬ್ರೇಕೌಟ್‌ನಲ್ಲೂ ನಾಲ್ಕು ಏಟಾದ ಮೇಲೆ ಒಂದು ಸಲ, ಹನ್ನೆರಡಾದ ಮೇಲೆ ಇನ್ನೊಂದು ಸಲ ವೇಗ ಏರುತ್ತಿತ್ತು.

ಕೊನೆಗೆ ನಿಮ್ಮ 140 ಇಟ್ಟಿಗೆ. ಅಷ್ಟು ಬೇಕಾಗಿಲ್ಲ. ಆಡುವವರ ಕಣ್ಣು ಒಂದು ಬಣ್ಣದ ಐದು ಇಟ್ಟಿಗೆಗಿಂತ ಹೆಚ್ಚಿನದನ್ನು ಬೇರೆ ಬೇರೆ ಅಂತ ಗುರುತಿಸುವುದಿಲ್ಲ. ಆರು ಬಣ್ಣ, ಬಣ್ಣಕ್ಕೆ ಐದು, ಒಟ್ಟು 30 ಆರಿಸಿ ಎತ್ತಿಡಿ. ಉಳಿದ 110 ಇವೆಯಲ್ಲ, ಅವನ್ನು ಹರಿಯಿರಿ. ಮೂಲೆ ಮಡಚಿ ಒಂದು ಫೋಟೋ, ಅರ್ಧ ಹರಿದು ಒಂದು, ಪೂರ್ತಿ ಎರಡು ತುಂಡಾದಾಗ ಒಂದು. ದೀಪ ಅದೇ ಜಾಗದಲ್ಲಿರಲಿ. ಶುರು ಮಾಡುವ ಮೊದಲು ಪಕ್ಕದಲ್ಲಿ ಫೋನಿಟ್ಟು ರೆಕಾರ್ಡಿಂಗ್ ಒತ್ತಿರಿ, ಸದ್ದೂ ಅಲ್ಲೇ ಸಿಕ್ಕಿಬಿಡುತ್ತದೆ.